ಗಗನಯಾನ: ಭಾರತದ ಮಾನವಸಹಿತ ಬಾಹ್ಯಾಕಾಶ ಕಾರ್ಯಕ್ರಮದ ಇತಿಹಾಸ ಮತ್ತು ಕರ್ನಾಟಕ

ಭಾರತೀಯರನ್ನು ಭಾರತದ್ದೇ ರಾಕೆಟ್ಟಿನಲ್ಲಿ, ಭಾರತದ್ದೇ ಕೋಶದಲ್ಲಿ ಕೂರಿಸಿ ಭೂಕಕ್ಷೆಗೆ ಕಳುಹಿಸಿ, ಸುರಕ್ಷಿತವಾಗಿ ಮರಳಿ ಕರೆತರುವ ಇಸ್ರೊ ಕಾರ್ಯಕ್ರಮಕ್ಕೆ ಗಗನಯಾನ ಎಂದು ಹೆಸರು. ಮೂವರನ್ನು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಮೂರು ದಿನ ಇರಿಸುವ ಸಾಮರ್ಥ್ಯ ಗಳಿಸುವುದು ಇದರ ಗುರಿ. ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2018ರ ಡಿಸೆಂಬರಿನಲ್ಲಿ. ಸಿದ್ಧತೆ ಅದಕ್ಕೂ ಒಂದು ದಶಕ ಮೊದಲೇ ಶುರುವಾಗಿತ್ತು. ರಾಕೆಟ್ಟು ರೂಪುಗೊಳ್ಳುವುದು ತಿರುವನಂತಪುರದಲ್ಲಿ, ಮೇಲೇರುವುದು ಶ್ರೀಹರಿಕೋಟಾದಿಂದ. ಅದರೊಳಗೆ ಕೂರುವ ಮನುಷ್ಯನ ಆಯ್ಕೆ, ತರಬೇತಿ, ಆರೋಗ್ಯ, ಊಟ ಇವುಗಳ ಹೊಣೆ ಬಹುಪಾಲು ಕರ್ನಾಟಕದ ಸಂಸ್ಥೆಗಳದ್ದು.

ಹಿನ್ನೆಲೆ

ಕನ್ನಡದಲ್ಲಿ ಪಟಾಕಿ, ಮತಾಪುಗಳಿಗೆ ಇಂದಿಗೂ ‘ಬಾಣಬಿರುಸು’ ಎನ್ನುವುದುಂಟು. ಈ ‘ಬಾಣ’ ಬಿಲ್ಲಿನ ಬಾಣವಲ್ಲ, ಮದ್ದು ತುಂಬಿ ಹಾರಿಸುವ ರಾಕೆಟ್ಟು. ಹದಿನೆಂಟನೆಯ ಶತಮಾನದ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟುಗಳನ್ನು ಬಳಸುತ್ತಿತ್ತು. ಕೊಳವೆ ಕಬ್ಬಿಣದ್ದಾದ್ದರಿಂದ ಒಳಗಿನ ಹೆಚ್ಚಿನ ಒತ್ತಡವನ್ನು ತಾಳಿಕೊಂಡು ಅವು ದೂರಕ್ಕೆ ಹಾರುತ್ತಿದ್ದವು. 1780ರ ಪೊಳ್ಳಿಲೂರು ಕದನದಲ್ಲಿ ಹೈದರಾಲಿ, ಟಿಪ್ಪು ಅವರ ಪಡೆ ಇವುಗಳಿಂದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಕಂಗೆಡಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳಿಗೆ ಅವೇ ಪ್ರೇರಣೆ. ವಿಮಾನವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಈ ಇತಿಹಾಸವನ್ನು ತಾಂತ್ರಿಕ ದೃಷ್ಟಿಯಿಂದ ಪರಿಶೀಲಿಸಿ ಬರೆದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಬತ್ತಿದ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಮೈಸೂರಿನ ಬಾಣಕ್ಕೂ ಇಸ್ರೊ ರಾಕೆಟ್ಟಿಗೂ ನೇರ ನಂಟಿಲ್ಲ. ಆಧುನಿಕ ಕಾರ್ಯಕ್ರಮ ಮೊದಲಾದದ್ದು 1963ರ ನವೆಂಬರ್ 21ರಂದು, ಕೇರಳದ ತುಂಬಾದಿಂದ ಅಮೆರಿಕದ ನೈಕಿ-ಅಪಾಚೆ ಎಂಬ ಪುಟ್ಟ ರಾಕೆಟ್ಟು ಹಾರಿದಾಗ. 1969ರ ಆಗಸ್ಟ್ 15ರಂದು ಇಸ್ರೊ ಹುಟ್ಟಿತು. ವಿಕ್ರಮ್ ಸಾರಾಭಾಯಿ ಅವರ ನಿಧನದ ನಂತರ 1972ರಲ್ಲಿ ಸತೀಶ್ ಧವನ್ ಅಧ್ಯಕ್ಷರಾದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು; ಬಾಹ್ಯಾಕಾಶ ಇಲಾಖೆ ನೆಲೆ ಕಂಡುಕೊಂಡದ್ದೂ ಬೆಂಗಳೂರಿನಲ್ಲೇ. ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ 360 ಕಿಲೋ ತೂಕದ ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದನ್ನು ಕಕ್ಷೆಗೆ ಒಯ್ದದ್ದು ಸೋವಿಯತ್ ರಾಕೆಟ್ಟು. ಉಪಗ್ರಹ ನಮ್ಮದು, ಗಾಡಿ ಬೇರೆಯವರದ್ದು ಎಂಬ ಸ್ಥಿತಿ ಆಗಿನದು.

ಉಡಾವಣಾ ವಾಹನಗಳ ಬೆಳವಣಿಗೆ

ಸ್ವಂತ ಗಾಡಿ ಸುಲಭಕ್ಕೆ ದಕ್ಕಲಿಲ್ಲ. 1979ರ ಆಗಸ್ಟ್ 10ರಂದು ಹಾರಿದ ಮೊದಲ ಎಸ್‌ಎಲ್‌ವಿ-3 ಸಮುದ್ರ ಪಾಲಾಯಿತು. 1980ರ ಜುಲೈ 18ರಂದು 17 ಟನ್ ತೂಕದ ಅದೇ ಮಾದರಿಯ ರಾಕೆಟ್ಟು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಎಎಸ್‌ಎಲ್‌ವಿ 1987 ಮತ್ತು 1988ರಲ್ಲಿ ಸೋತು 1992ರಲ್ಲಿ ಗೆದ್ದಿತು. ಪಿಎಸ್‌ಎಲ್‌ವಿ 1993ರಲ್ಲಿ ಎಡವಿ 1994ರ ಅಕ್ಟೋಬರಿನಲ್ಲಿ ಗುರಿ ಮುಟ್ಟಿತು. ಜಿಎಸ್‌ಎಲ್‌ವಿ ಮೊದಲು ಹಾರಿದ್ದು 2001ರಲ್ಲಿ, ರಷ್ಯದ ಕ್ರಯೋಜೆನಿಕ್ (ಅತಿಶೀತ ದ್ರವ ಇಂಧನದ) ಎಂಜಿನ್ನಿನೊಂದಿಗೆ. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ 2010ರಲ್ಲಿ ಕೈಕೊಟ್ಟಿತು, 2014ರ ಜನವರಿ 5ರಂದು ಯಶಸ್ವಿಯಾಯಿತು.

ಮನುಷ್ಯರನ್ನು ಒಯ್ಯಲು ಆರಿಸಿಕೊಂಡ ಎಲ್‌ವಿಎಂ-3 ಈ ಸಾಲಿನ ದೊಡ್ಡಣ್ಣ; ಮೊದಲು ಇದನ್ನು ಜಿಎಸ್‌ಎಲ್‌ವಿ ಮಾರ್ಕ್-3 ಎನ್ನುತ್ತಿದ್ದರು. ತೂಕ ಸುಮಾರು 640 ಟನ್. ಎರಡು ಬದಿಗಳಲ್ಲಿ ಘನ ಇಂಧನದ ಎಸ್-200 ಕೊಳವೆಗಳು, ನಡುವೆ ಎರಡು ವಿಕಾಸ್ ಎಂಜಿನ್‌ಗಳ ದ್ರವ ಇಂಧನದ ಹಂತ, ಮೇಲೆ ಸಿಇ-20 ಕ್ರಯೋಜೆನಿಕ್ ಎಂಜಿನ್ ಇವೆ. 2019ರಲ್ಲಿ ಚಂದ್ರಯಾನ-2, 2023ರಲ್ಲಿ ಚಂದ್ರಯಾನ-3 ಹೊರಟದ್ದು ಇದರ ಮೇಲೆಯೇ. 2014ರಿಂದ 2025ರವರೆಗೆ ಇದರ ಒಂದು ಉಡಾವಣೆಯೂ ವಿಫಲವಾಗಿಲ್ಲ.

ಉಪಗ್ರಹಕ್ಕೆ ಸಾಕಾದ ರಾಕೆಟ್ಟು ಮನುಷ್ಯನಿಗೆ ಸಾಲದು. ಭಾಗಗಳ ಸುರಕ್ಷತಾ ಅಂತರ ಹೆಚ್ಚಬೇಕು, ಒಂದು ಕೆಟ್ಟರೆ ಅದರ ಕೆಲಸಕ್ಕೆ ಮತ್ತೊಂದು ಸಿದ್ಧವಿರಬೇಕು, ಕೆಡುವ ಸೂಚನೆ ಕ್ಷಣಾರ್ಧದಲ್ಲಿ ತಿಳಿಯಬೇಕು. ಇದಕ್ಕಾಗಿ ಪ್ರತಿ ಹಂತವನ್ನೂ ಮತ್ತೆ ಪರೀಕ್ಷೆಗೆ ಒಡ್ಡಲಾಯಿತು. ಎಸ್-200ರ ಮಾನವಯಾನದ ರೂಪವಾದ, 203 ಟನ್ ಇಂಧನ ತುಂಬಿದ ಎಚ್‌ಎಸ್-200 ಕೊಳವೆಯನ್ನು 2022ರ ಮೇ 13ರಂದು ಶ್ರೀಹರಿಕೋಟಾದಲ್ಲಿ ನೆಲಕ್ಕೆ ಬಿಗಿದು 135 ಸೆಕೆಂಡು ಉರಿಸಿ ನೋಡಿದರು. ಸಿಇ-20 ಎಂಜಿನ್ನಿಗೆ ಮಾನವ ಪ್ರಯಾಣದ ಅರ್ಹತೆ 2024ರ ಫೆಬ್ರವರಿಯಲ್ಲಿ ದೊರೆಯಿತು.

1984ರ ಯಾನ

ಮೊದಲ ಭಾರತೀಯ ಗಗನಯಾತ್ರಿ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋವಿಯತ್ ಒಕ್ಕೂಟದ ಸೋಯುಜ್ ಟಿ-11ರಲ್ಲಿ ಹೊರಟು, ಸಲ್ಯೂತ್-7 ನಿಲ್ದಾಣ ಸೇರಿ, ಸುಮಾರು ಎಂಟು ದಿನಗಳ ಯಾನ ಮುಗಿಸಿದರು. ಅವರ ಬದಲಿಯಾಗಿ ತರಬೇತಿ ಪಡೆದಿದ್ದವರು ರವೀಶ್ ಮಲ್ಹೋತ್ರಾ. ಇಬ್ಬರ ವೈದ್ಯಕೀಯ ಪರೀಕ್ಷೆಯಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯ ಪಾತ್ರ ದೊಡ್ಡದು. ಶರ್ಮಾ ಒಯ್ದ ಭಾರತೀಯ ತಿನಿಸು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ್ದು. ಆ ಯಾನದಲ್ಲಿ ರಾಕೆಟ್ಟು, ಕೋಶ, ನಿಲ್ದಾಣ ಮೂರೂ ಪರದೇಶದವು. ಕರ್ನಾಟಕದಿಂದ ಸಂದದ್ದು ದೇಹದ ತಪಾಸಣೆ ಮತ್ತು ಊಟ. ಮುಂದಿನ ಕಾರ್ಯಕ್ರಮದಲ್ಲಿಯೂ ಈ ಎರಡು ಕೆಲಸಗಳು ಇಲ್ಲಿಯೇ ಉಳಿದವು.

ಮರಳಿ ಬರುವ ಕೋಶ

ಉಪಗ್ರಹ ಕಕ್ಷೆ ಸೇರಿದರೆ ರಾಕೆಟ್ಟಿನ ಕೆಲಸ ಮುಗಿಯಿತು. ಮನುಷ್ಯನ ವಿಷಯದಲ್ಲಿ ಅರ್ಧ ಕೆಲಸ ಅಲ್ಲಿಂದಲೇ ಶುರು. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚಿನ ವೇಗದ ಕೋಶ ವಾತಾವರಣಕ್ಕೆ ನುಗ್ಗಿದಾಗ ಮುಂದಿನ ಗಾಳಿ ಒತ್ತಿ ಕಾದು ಕೆಂಡವಾಗುತ್ತದೆ. ಕೋಶದ ತಳ ಚೂಪಾಗಿರದೆ ಮೊಂಡಾಗಿರುವುದು ಇದೇ ಕಾರಣಕ್ಕೆ: ಮೊಂಡು ತಳ ಆ ಬಿಸಿಯ ಬಹುಭಾಗವನ್ನು ಮೈಯಿಂದ ದೂರ ತಳ್ಳುತ್ತದೆ. ಉಳಿದದ್ದನ್ನು ಶಾಖನಿರೋಧಕ ಕವಚ ತಡೆಯುತ್ತದೆ. ಕೊನೆಗೆ ವೇಗ ಇಳಿಸುವುದು ಪ್ಯಾರಾಚೂಟುಗಳು.

ಇಸ್ರೊ ಈ ವಿದ್ಯೆಯನ್ನು ಮೊದಲು ಪರೀಕ್ಷಿಸಿದ್ದು ಎಸ್‌ಆರ್‌ಇ-1 ಎಂಬ 550 ಕಿಲೋ ತೂಕದ ಕೋಶದಿಂದ. 2007ರ ಜನವರಿ 10ರಂದು ಪಿಎಸ್‌ಎಲ್‌ವಿಯಲ್ಲಿ ಹೋದ ಅದು 12 ದಿನ ಕಕ್ಷೆಯಲ್ಲಿದ್ದು ಬಂಗಾಳಕೊಲ್ಲಿಗೆ ಇಳಿಯಿತು. 2014ರ ಡಿಸೆಂಬರ್ 18ರಂದು ಎಲ್‌ವಿಎಂ-3ರ ಮೊದಲ ಪ್ರಾಯೋಗಿಕ ಹಾರಾಟದಲ್ಲಿ, ಮನುಷ್ಯರಿಲ್ಲದ ಪೂರ್ಣಗಾತ್ರದ ಕೋಶ 126 ಕಿಲೋಮೀಟರ್ ಎತ್ತರದಿಂದ ಕೆಳಗಿಳಿದು ಅಂಡಮಾನ್ ಕಡೆಯ ಸಮುದ್ರದಲ್ಲಿ ತೇಲಿತು. ಅದೇ ವರ್ಷದ ಫೆಬ್ರವರಿಯಲ್ಲಿ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್ ತಾನು ತಯಾರಿಸಿದ ಮೊದಲ ಕೋಶದ ಹಂದರವನ್ನು ಇಸ್ರೊಗೆ ಒಪ್ಪಿಸಿತ್ತು.

ಗಗನಯಾನದ ಕೋಶಕ್ಕೆ ಎರಡು ಗೋಡೆ. ಒಳಗಿನದು ಗಾಳಿಯ ಒತ್ತಡ ಕಾಯುವ ಲೋಹದ ಗೂಡು, ಹೊರಗಿನದು ಶಾಖ ತಡೆಯುವ ಕವಚ ಹೊತ್ತದ್ದು. ಕೆಳಗೆ ಜೋಡಿಸಿದ ಸೇವಾ ಘಟಕದಲ್ಲಿ ವಿದ್ಯುತ್ತು, ನೂಕುಬಲದ ವ್ಯವಸ್ಥೆ ಇರುತ್ತದೆ. ಇಳಿಯುವ ಮೊದಲು ಅದನ್ನು ಕಳಚಿಬಿಡುತ್ತಾರೆ. ಪ್ಯಾರಾಚೂಟುಗಳು ಒಟ್ಟು ಹತ್ತು, ನಾಲ್ಕು ಬಗೆಯವು. ಕೊನೆಗೆ ಬಿಚ್ಚಿಕೊಳ್ಳುವ ಮೂರು ಮುಖ್ಯ ಪ್ಯಾರಾಚೂಟುಗಳ ಅಗಲ ತಲಾ 25 ಮೀಟರ್. ಮೂರರಲ್ಲಿ ಎರಡು ಬಿಚ್ಚಿಕೊಂಡರೂ ಸಾಕು.

ಪಾರಾಗುವ ದಾರಿ

ರಾಕೆಟ್ಟಿಗೆ ಅಪಾಯ ಒದಗಿದರೆ ಕೋಶವನ್ನು ಕಿತ್ತು ದೂರ ಒಯ್ಯಲು ತುದಿಯಲ್ಲಿ ಘನ ಇಂಧನದ ಮೋಟಾರುಗಳ ಗೋಪುರವಿರುತ್ತದೆ. 2018ರ ಜುಲೈ 5ರಂದು ಶ್ರೀಹರಿಕೋಟಾದ ನೆಲದಿಂದಲೇ ಇದನ್ನು ಪರೀಕ್ಷಿಸಲಾಯಿತು. 259 ಸೆಕೆಂಡುಗಳ ಆ ಹಾರಾಟದಲ್ಲಿ ಕೋಶ ಸುಮಾರು 2.7 ಕಿಲೋಮೀಟರ್ ಮೇಲೇರಿ ಸಮುದ್ರಕ್ಕೆ ಇಳಿಯಿತು. ಮುಂದಿನ ತಿಂಗಳು ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿ ಗಗನಯಾನವನ್ನು ಘೋಷಿಸಿದರು.

2023ರ ಅಕ್ಟೋಬರ್ 21ರ ಟಿವಿ-ಡಿ1 ಇನ್ನೂ ಕಠಿಣ ಪರೀಕ್ಷೆ. ಬೆಳಿಗ್ಗೆ ಎಣಿಕೆ ಇನ್ನೈದು ಸೆಕೆಂಡು ಇದ್ದಾಗ ಗಣಕ ಉಡಾವಣೆಯನ್ನು ತಾನಾಗಿ ತಡೆಯಿತು. ಕಾರಣ ಪತ್ತೆಹಚ್ಚಿ ಹತ್ತು ಗಂಟೆಗೆ ಮತ್ತೆ ಹಾರಿಸಿದರು. ಒಂದೇ ಹಂತದ ಆ ರಾಕೆಟ್ಟು ಶಬ್ದದ ವೇಗವನ್ನು ದಾಟಿದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಕೋಶ ಬೇರ್ಪಟ್ಟು ಪ್ಯಾರಾಚೂಟಿನಲ್ಲಿ ತೀರದಿಂದ ಹತ್ತು ಕಿಲೋಮೀಟರ್ ದೂರ ಇಳಿಯಿತು. 2025ರ ಆಗಸ್ಟ್ 24ರಂದು ಸುಮಾರು ಐದು ಟನ್ ತೂಕದ ಅಣಕು ಕೋಶವನ್ನು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟು ಪ್ಯಾರಾಚೂಟುಗಳ ಸರಣಿಯನ್ನು ಪರೀಕ್ಷಿಸಿದರು. ಆ ವರ್ಷದ ನವೆಂಬರಿನಲ್ಲಿ ಝಾನ್ಸಿ ಬಳಿಯ ಬಬೀನಾದಲ್ಲಿ, ಎರಡು ಮುಖ್ಯ ಪ್ಯಾರಾಚೂಟುಗಳು ಒಟ್ಟಿಗೆ ಅರಳದೆ ಒಂದು ತಡವಾದರೆ ಏನಾಗುತ್ತದೆ ಎಂದು ನೋಡಿದರು.

ಕರ್ನಾಟಕದ ಕೇಂದ್ರಗಳು

ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರ ಜನವರಿ 30ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಯೋಜನೆಯ ಸಮನ್ವಯ, ಗಗನಯಾತ್ರಿಗಳ ತರಬೇತಿ ಇದರ ಹೊಣೆ. ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಆಯ್ಕೆ ನಡೆಯಿತು. ಆಯ್ಕೆಯಾದ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ 2020–21ರಲ್ಲಿ ರಷ್ಯದ ಗಗಾರಿನ್ ಕೇಂದ್ರದಲ್ಲಿ ಕಲಿತು, ಬೆಂಗಳೂರಿನಲ್ಲಿ ತರಬೇತಿ ಮುಂದುವರಿಸಿದರು. ಅವರ ಹೆಸರು ಬಹಿರಂಗವಾದದ್ದು 2024ರ ಫೆಬ್ರವರಿ 27ರಂದು. ಮನುಷ್ಯರಿಗಿಂತ ಮೊದಲು ಹೋಗಲಿರುವ, ಕಾಲುಗಳಿಲ್ಲದ ಮಹಿಳಾ ರೂಪದ ಯಂತ್ರ ‘ವ್ಯೋಮಮಿತ್ರ’ವನ್ನು ಜನ ಮೊದಲು ಕಂಡದ್ದೂ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ.

ಊಟದ ಹೊಣೆ ಮತ್ತೆ ಮೈಸೂರಿನ ಪ್ರಯೋಗಾಲಯದ್ದು. ಕ್ರಯೋಜೆನಿಕ್ ಎಂಜಿನ್ ತಯಾರಿಕೆಗೆ ಎಚ್‌ಎಎಲ್ 2022ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಘಟಕ ತೆರೆಯಿತು. ಹಾರಾಟದ ಜಾಡು ಹಿಡಿಯುವ ಇಸ್ಟ್ರಾಕ್ ಪೀಣ್ಯದಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023 ಮತ್ತು 2024ರಲ್ಲಿ, ರೆಕ್ಕೆಯುಳ್ಳ ಮರುಬಳಕೆಯ ವಾಹನ ‘ಪುಷ್ಪಕ್’ ಹೆಲಿಕಾಪ್ಟರಿನಿಂದ ಕಳಚಿಕೊಂಡು ಮೂರು ಬಾರಿ ತಾನಾಗಿ ರನ್‌ವೇಗೆ ಇಳಿಯಿತು.

ಕನ್ನಡದಲ್ಲಿ ಚರ್ಚೆ

ರಾಕೆಟ್ಟಿನ ಮಾತು ಕನ್ನಡದ ಓದುಗರಿಗೆ ಹೊಸದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ, ಜಿ.ಟಿ. ನಾರಾಯಣರಾವ್, ನಾಗೇಶ ಹೆಗಡೆ ಮೊದಲಾದವರ ಬರಹಗಳು ಈ ಆಸಕ್ತಿಗೆ ನೀರೆರೆದವು. 2019ರಲ್ಲಿ ಶ್ರೀಹರಿಕೋಟಾದಲ್ಲಿ ಸಾರ್ವಜನಿಕರ ವೀಕ್ಷಣಾ ಗ್ಯಾಲರಿ ತೆರೆದ ಮೇಲೆ ಉಡಾವಣೆಯನ್ನು ಕಣ್ಣಾರೆ ಕಾಣುವ ಅವಕಾಶವೂ ಒದಗಿತು.

ಆಸಕ್ತರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಲ್ಲಿ ಮೂರು ಮುಖ್ಯ. ಮೊದಲನೆಯದು, ಸೋಯುಜ್ ಕೋಶ ಕಜಕಿಸ್ತಾನದ ಬಯಲಿಗೆ ಇಳಿಯುವಾಗ ನಮ್ಮದು ಸಮುದ್ರಕ್ಕೇಕೆ ಎಂಬುದು. ನೆಲಕ್ಕೆ ಇಳಿಯಲು ಜನವಸತಿಯಿಲ್ಲದ ವಿಶಾಲ ಬಯಲು ಬೇಕು, ನೆಲ ಮುಟ್ಟುವ ಮುನ್ನ ಉರಿಯುವ ಪುಟ್ಟ ರಾಕೆಟ್ಟುಗಳೂ ಬೇಕು. ನೀರು ಅಪ್ಪಳಿಕೆಯನ್ನು ತಾನೇ ಅಷ್ಟಿಷ್ಟು ನುಂಗಿಕೊಳ್ಳುತ್ತದೆ. ಎರಡನೆಯದು, 2022ಕ್ಕೆ ಆಗಬೇಕಿದ್ದ ಯಾನ 2027ರತ್ತ ಜಾರಿದ್ದೇಕೆ ಎಂಬುದು. ಕೋವಿಡ್ ಒಂದು ಕಾರಣ. ಉಸಿರಾಟದ ಗಾಳಿ, ತಾಪ, ತೇವ ಕಾಯುವ ವ್ಯವಸ್ಥೆಯನ್ನು ದೇಶದಲ್ಲೇ ರೂಪಿಸಬೇಕಾಗಿ ಬಂದದ್ದು ಇನ್ನೊಂದು. ಮೂರನೆಯದು ವೆಚ್ಚದ್ದು. 2018ರಲ್ಲಿ ಸುಮಾರು 10,000 ಕೋಟಿ ರೂಪಾಯಿಯಷ್ಟಿದ್ದ ಅಂದಾಜನ್ನು, ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿಕೊಂಡು, 2024ರ ಸೆಪ್ಟೆಂಬರಿನಲ್ಲಿ 20,193 ಕೋಟಿಗೆ ಏರಿಸಲಾಯಿತು.

ಹೆಸರುಕಾಳಿನ ಪ್ರಯೋಗ

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅಮೆರಿಕದ ಖಾಸಗಿ ಆಕ್ಸಿಯಂ-4 ಯಾನದಲ್ಲಿ, ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ಕೋಶದಲ್ಲಿ ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಾಲಿಟ್ಟ ಮೊದಲ ಭಾರತೀಯರಾದರು. ಜುಲೈ 15ರಂದು ಮರಳಿದರು. ಅವರು ನಡೆಸಿದ ಇಸ್ರೊದ ಏಳು ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಜೊತೆಗೂಡಿ ರೂಪಿಸಿದ್ದು: ಹೆಸರುಕಾಳು, ಮೆಂತ್ಯೆಯನ್ನು ನಿಲ್ದಾಣದಲ್ಲಿ ಮೊಳಕೆ ಬರಿಸುವುದು. ಒಣ ಬೀಜ ಹಗುರ, ಕೆಡುವುದಿಲ್ಲ. ನೀರು ಸಿಕ್ಕರೆ ಕೆಲವೇ ದಿನಗಳಲ್ಲಿ ಪೌಷ್ಟಿಕ ತಾಜಾ ಆಹಾರ. ಆದರೆ ತೂಕವಿಲ್ಲದ ಸ್ಥಿತಿಯಲ್ಲಿ ಬೇರಿಗೆ ಕೆಳಗು ಯಾವುದೆಂದು ಗೊತ್ತಾಗದು, ನೀರು ಹರಿಯದೆ ಬೀಜಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಅಲ್ಲಿ ಬಂದ ಮೊಳಕೆಯ ಪೋಷಕಾಂಶ, ವಂಶವಾಹಿ, ಸೂಕ್ಷ್ಮಜೀವಿಗಳಲ್ಲಿ ಏನು ಬದಲಾಗುತ್ತದೆ ಎಂಬುದು ಪ್ರಯೋಗದ ವಿಷಯ.

ನಿಲ್ದಾಣಕ್ಕೆ ಹೋದ ಈ ಕಾಳು ಧಾರವಾಡ ಸೀಮೆಗೆ ಹೊಸದಲ್ಲ. ಗದಗ ಜಿಲ್ಲೆ ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. 1997ರವರೆಗೆ ಧಾರವಾಡ ಜಿಲ್ಲೆಯದೇ ಭಾಗವಾಗಿತ್ತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಎರೆ ಹೊಲಗಳಲ್ಲಿ ಹೆಸರು ಮುಂಗಾರಿನ ಮುಖ್ಯ ಬೆಳೆ. ಅದರ ಕೊಯ್ಲಾದ ಮೇಲೆ ಅದೇ ನೆಲಕ್ಕೆ ಹಿಂಗಾರಿನ ಜೋಳ, ಕಡಲೆ ಬೀಳುತ್ತವೆ. ಮೊಳಕೆಕಾಳಿನ ಪಲ್ಯ, ರೊಟ್ಟಿಯ ಮಗ್ಗುಲಲ್ಲಿ ಹಸಿ ಮೆಂತ್ಯೆ ಸೊಪ್ಪು ಇಲ್ಲಿನ ನಿತ್ಯದ ಊಟ. 1984ರಲ್ಲಿ ಕರ್ನಾಟಕ ಕಳುಹಿಸಿದ್ದು ಮಾಡಿಟ್ಟ ತಿನಿಸು. 2025ರಲ್ಲಿ ಕಳುಹಿಸಿದ್ದು ಅಲ್ಲಿಯೇ ಮೊಳೆಯಬೇಕಾದ ಬೀಜ. ಶುಕ್ಲಾ ಅವುಗಳಿಗೆ ನೀರುಣಿಸಿ, ಚಿಗುರಿದ ಮೊಳಕೆಗಳ ಚಿತ್ರ ತೆಗೆದು, ಭೂಮಿಗೆ ತರಲು ನಿಲ್ದಾಣದ ಶೀತಪೆಟ್ಟಿಗೆಯಲ್ಲಿ ಇರಿಸಿದರು.