ಹೊರಡುವಾಗ ಗುಡಿಸುವವರು ಯಾರು? - ಶೆಲ್‌ನ ಎಕ್ಸಿಟ್ ಟ್ರ್ಯಾಪ್ ಕತೆ

ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಲಿನಕ್ಸ್ ಬಂದದ್ದು ಹಳೆಯ ಸಂಗತಿ. ಹಾಗಾಗಿ ನಮ್ಮಂಥ ಮೇಷ್ಟ್ರುಗಳಿಗೂ ಒಂದಿಷ್ಟು ಶೆಲ್ ಸ್ಕ್ರಿಪ್ಟ್ ಬರೆಯುವ ಚಟ ಅಂಟಿಕೊಂಡಿತು. ಹಳೆಯ ಫಾಂಟಿನಲ್ಲಿದ್ದ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ಬದಲಾಯಿಸಲು ನಾವೊಂದು ಸ್ಕ್ರಿಪ್ಟ್ ಬರೆದಿದ್ದೆವು. ಒಂದೊಂದು ಕಡತಕ್ಕೂ ಒಂದು ಫಂಕ್ಷನ್ ಓಡುತ್ತದೆ, ಅದು ತಾತ್ಕಾಲಿಕ ಫೋಲ್ಡರ್ ಒಂದನ್ನು ಮಾಡಿಕೊಳ್ಳುತ್ತದೆ, ಮುಗಿದ ಮೇಲೆ ಅಳಿಸಿಬಿಡುತ್ತದೆ. ಅಳಿಸುವ ಕೆಲಸಕ್ಕೆ ಫಂಕ್ಷನ್ನಿನ ಒಳಗೇ ಎಕ್ಸಿಟ್ ಟ್ರ್ಯಾಪ್ ಇಟ್ಟಿದ್ದೆವು. ಪರೀಕ್ಷೆಯ ಹಿಂದಿನ ದಿನ ನೋಡಿದರೆ ಡಿಸ್ಕ್ ಭರ್ತಿ, ಪ್ರಿಂಟ್ ಆಗುತ್ತಿಲ್ಲ! ಫೋಲ್ಡರುಗಳೆಲ್ಲ ಹಾಗೇ ಬಿದ್ದಿದ್ದವು, ಕೊನೆಯದೊಂದು ಮಾತ್ರ ಅಳಿಸಿಹೋಗಿತ್ತು.

ತಪ್ಪು ನಮ್ಮದೇ. ಆದರೆ ಅದರ ಬೇರು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ಸ್ವಾರಸ್ಯವಾಗಿದೆ.

ಟ್ರ್ಯಾಪ್ ಎಂದರೆ ಶೆಲ್‌ಗೆ ಮೊದಲೇ ಹೇಳಿಡುವ ಮಾತು: 'ಇಂಥದ್ದು ನಡೆದರೆ ಈ ಕೆಲಸ ಮಾಡು'. 1971ರ ಕೆನ್ ಥಾಂಪ್ಸನ್ನರ ಶೆಲ್‌ನಲ್ಲಿ ಇದು ಇರಲಿಲ್ಲ. ಅಲ್ಲಿ 'ಎಕ್ಸಿಟ್' ಎಂಬುದೇ ಶೆಲ್‌ನ ಹೊರಗಿನ ಬೇರೊಂದು ಪ್ರೋಗ್ರಾಂ. ಅದು ಸ್ಕ್ರಿಪ್ಟ್ ಕಡತದ ಓದುವ ಜಾಗವನ್ನು ಕೊನೆಗೆ ಸರಿಸಿಬಿಡುತ್ತಿತ್ತು. ಶೆಲ್ ಮುಂದೆ ಓದಲು ಏನೂ ಇಲ್ಲವೆಂದು ಸುಮ್ಮನೆ ನಿಲ್ಲುತ್ತಿತ್ತು, ಅಷ್ಟೆ. ತಾನು ಹೊರಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲದವನು ಗುಡಿಸುವುದೆಲ್ಲಿಂದ ಬಂತು! ಆಮೇಲೆ ಬಿಲ್ ಜಾಯ್ ಅವರ ಸಿ ಶೆಲ್ ಬಂತು. ಅದರಲ್ಲಿ 'ಆನ್‌ಇಂಟರ್' ಎಂಬುದೊಂದಿತ್ತು, ಕಂಟ್ರೋಲ್-ಸಿ ಒತ್ತಿದಾಗ ಏನು ಮಾಡಬೇಕೆಂದು ಹೇಳಲು.

ನಿಜವಾದ ಟ್ರ್ಯಾಪ್ ಬಂದದ್ದು ಬೆಲ್ ಲ್ಯಾಬ್ಸಿನ ಸ್ಟೀಫನ್ ಬೋರ್ನ್ ಅವರ ಶೆಲ್‌ನಲ್ಲಿ. 1979ರ ಯುನಿಕ್ಸ್ ಏಳನೇ ಆವೃತ್ತಿಯ ಜತೆ ಅದು ಹೊರಬಂತು. ಯುನಿಕ್ಸ್‌ನಲ್ಲಿ ಪ್ರತಿ ಸಿಗ್ನಲ್ಲಿಗೂ ಒಂದು ಸಂಖ್ಯೆ: ಸಂಪರ್ಕ ಕಡಿದರೆ 1, ಕಂಟ್ರೋಲ್-ಸಿಗೆ 2, ಮುಗಿಸು ಎನ್ನುವುದಕ್ಕೆ 15. ಸೊನ್ನೆ ಯಾವ ಸಿಗ್ನಲ್ಲಿಗೂ ಸೇರಿರಲಿಲ್ಲ. ಆ ಖಾಲಿ ಜಾಗವನ್ನು 'ಶೆಲ್ ಹೊರಡುವಾಗ' ಎಂಬ ಅರ್ಥಕ್ಕೆ ಬಳಸಿಕೊಂಡರು. ನಮಗೆ ಇದು ಬಹಳ ಜಾಣತನದ ಕೆಲಸವೆನಿಸುತ್ತದೆ.

ಇಲ್ಲೊಂದು ಮಾತು ಗಮನಿಸಬೇಕು. 1979ರ ಆ ಶೆಲ್‌ನಲ್ಲಿ ಫಂಕ್ಷನ್ನುಗಳೇ ಇರಲಿಲ್ಲ. ಅವು ಬೋರ್ನ್ ಶೆಲ್‌ಗೆ ಸೇರಿದ್ದು 1984ರ ಸಿಸ್ಟಂ ಫೈವ್ ಎರಡನೇ ಬಿಡುಗಡೆಯಲ್ಲಿ. 'ಹೊರಡುವಾಗ' ಎಂದಾಗ ಹೊರಡುವವರು ಯಾರು ಎಂಬ ಪ್ರಶ್ನೆಯೇ ಮೊದಲಿಗೆ ಹುಟ್ಟಿರಲಿಲ್ಲ, ಇದ್ದದ್ದು ಸ್ಕ್ರಿಪ್ಟ್ ಒಂದೇ. ಮನೆಗೊಂದೇ ಬಾಗಿಲಿದ್ದಾಗ ಮಾಡಿದ ಕಟ್ಟಳೆ ಅದು, ಒಳಗೆ ಕೋಣೆಗಳೆದ್ದದ್ದು ಆಮೇಲೆ.

ಬೆಲ್ ಲ್ಯಾಬ್ಸಿನವರೇ ಆದ ಡೇವಿಡ್ ಕಾರ್ನ್ ಬೇರೆ ದಾರಿ ಹಿಡಿದರು. ಅವರ ಶೆಲ್‌ನ 1988ರ ಆವೃತ್ತಿಯಲ್ಲಿ ಫಂಕ್ಷನ್ನಿನೊಳಗೆ ಇಟ್ಟ ಎಕ್ಸಿಟ್ ಟ್ರ್ಯಾಪ್ ಆ ಫಂಕ್ಷನ್ ಮುಗಿದ ಕೂಡಲೇ ಓಡುತ್ತದೆ. ಕೋಣೆಗೊಂದು ಪೊರಕೆ ಎಂದ ಹಾಗೆ. 1990ರಲ್ಲಿ ಪಾಲ್ ಫಾಲ್‌ಸ್ಟಾಡ್ ಶುರುಮಾಡಿದ ಝಡ್ ಶೆಲ್ ಕೂಡ ಇದೇ ಕ್ರಮವನ್ನು ಹಿಡಿದಿದೆ. 2019ರಿಂದ ಆಪಲ್ ಗಣಕಗಳಲ್ಲಿ ಮೊದಲಿಗೆ ಸಿಗುವುದು ಅದೇ ಶೆಲ್.

1992ರ ಪಾಸಿಕ್ಸ್ ಶೆಲ್ ಮಾನಕ ಮಾತ್ರ ಬೋರ್ನ್ ಕಡೆಗೇ ವಾಲಿತು. ಕಾರ್ನ್ ಅವರ 'ಫಂಕ್ಷನ್' ಎಂಬ ಪದವನ್ನು ಅದು ತೆಗೆದುಕೊಳ್ಳಲಿಲ್ಲ, ಹೆಸರಿನ ಮುಂದೆ ಆವರಣ ಹಾಕುವ ಬರವಣಿಗೆಯನ್ನಷ್ಟೇ ಒಪ್ಪಿತು. 1993ರ ಕಾರ್ನ್ ಶೆಲ್‌ನಲ್ಲಿ ಇದರಿಂದ ವಿಚಿತ್ರ ಸ್ಥಿತಿ ಬಂತು. 'ಫಂಕ್ಷನ್' ಎಂದು ಬರೆದರೆ ಟ್ರ್ಯಾಪ್ ಆ ಫಂಕ್ಷನ್ನಿನದು, ಬರೀ ಆವರಣ ಹಾಕಿದರೆ ಇಡೀ ಸ್ಕ್ರಿಪ್ಟಿನದು. ಬ್ರಯನ್ ಫಾಕ್ಸ್ 1989ರಲ್ಲಿ ಹೊರತಂದ ಬ್ಯಾಶ್‌ನಲ್ಲಿ ಹೇಗೆ ಬರೆದರೂ ಎಕ್ಸಿಟ್ ಟ್ರ್ಯಾಪ್ ಇಡೀ ಶೆಲ್‌ನದೇ, ಅದೂ ಒಂದೇ ಒಂದು. ಹೊಸದನ್ನಿಟ್ಟರೆ ಹಳೆಯದು ಹೋಯಿತು.

ನಮಗಾದದ್ದೂ ಅದೇ. ಕಾರ್ನ್ ಶೆಲ್‌ನ ಮೇಲಿನ ಹಳೆಯ ಪುಸ್ತಕ ಓದಿ ಬರೆದದ್ದನ್ನು ಬ್ಯಾಶ್‌ನಲ್ಲಿ ಓಡಿಸಿದ್ದೆವು. ಪ್ರತಿ ಸಲ ಫಂಕ್ಷನ್ ಓಡಿದಾಗಲೂ ಹಿಂದಿನ ಟ್ರ್ಯಾಪಿನ ಮೇಲೆ ಹೊಸದು ಕೂತಿತು, ಕೊನೆಗೆ ಉಳಿದದ್ದು ಕೊನೆಯ ಫೋಲ್ಡರಿನ ಟ್ರ್ಯಾಪ್ ಮಾತ್ರ. ಬ್ಯಾಶ್‌ನಲ್ಲಿ 'ರಿಟರ್ನ್' ಎಂಬ ಬೇರೆ ಟ್ರ್ಯಾಪ್ ಇದೆ ನಿಜ, ಆದರೆ ಅದು ಪಾಸಿಕ್ಸ್‌ನಲ್ಲಿಲ್ಲ.

ನಾವು ಕಂಡುಕೊಂಡ ಉಪಾಯ ಸರಳ. ಫಂಕ್ಷನ್ನಿನ ಒಡಲನ್ನು ಪುಷ್ಪಾವರಣದ ಬದಲು ದುಂಡು ಆವರಣದಲ್ಲಿ ಬರೆದೆವು. ಆಗ ಅದು ಉಪಶೆಲ್ ಆಗಿ ಓಡುತ್ತದೆ, ಉಪಶೆಲ್‌ಗೆ ತನ್ನದೇ ಎಕ್ಸಿಟ್ ಇದೆ, ಫಂಕ್ಷನ್ ಮುಗಿದಾಗಲೇ ಟ್ರ್ಯಾಪ್ ಓಡುತ್ತದೆ. ಒಳಗೆ ಬದಲಿಸಿದ ವೇರಿಯಬಲ್ಲುಗಳು ಹೊರಗೆ ಕಾಣುವುದಿಲ್ಲ ಎಂಬುದೊಂದು ಕೊರತೆ, ನಮಗೆ ಅದು ಅಡ್ಡಿಯಾಗಲಿಲ್ಲ.

ಇನ್ನೊಂದು ಎಡವಟ್ಟೂ ಇದೆ. ಉಬುಂಟು 2006ರಲ್ಲಿ ತನ್ನ ಮೂಲ ಶೆಲ್ಲನ್ನು ಡ್ಯಾಶ್‌ಗೆ ಬದಲಿಸಿತು. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಬ್ಯಾಶ್ ಎಕ್ಸಿಟ್ ಟ್ರ್ಯಾಪನ್ನು ಓಡಿಸಿಯೇ ಹೊರಡುತ್ತದೆ, ಡ್ಯಾಶ್ ಹಾಗೇ ಹೊರಟುಬಿಡುತ್ತದೆ. ಅದಕ್ಕಾಗಿ 2 ಮತ್ತು 15ಕ್ಕೂ ಬೇರೆಯಾಗಿ ಟ್ರ್ಯಾಪ್ ಇಟ್ಟೆವು. 9ನೇ ಸಿಗ್ನಲ್ಲನ್ನು ಯಾವ ಶೆಲ್ಲೂ ಹಿಡಿಯಲಾರದು. ಮಳೆಗಾಲದಲ್ಲಿ ಹೋಗುವ ಕರೆಂಟಿಗಂತೂ ಟ್ರ್ಯಾಪೇ ಇಲ್ಲ. ಹೀಗಾಗಿ ಈಗ ನಮ್ಮ ಸ್ಕ್ರಿಪ್ಟ್ ಶುರುವಾಗುವಾಗಲೇ ಹಿಂದಿನ ದಿನ ಉಳಿದ ಫೋಲ್ಡರುಗಳನ್ನು ಒಮ್ಮೆ ಹುಡುಕಿ ಅಳಿಸುತ್ತದೆ.