ಬೆಣ್ಣೆ ಚಾವಡಿಯ ಗಂಡುಕರು

ಇವತ್ತಿನ ಸಂಚಿಕೆ ಒಂದು ಕರುವಿನಿಂದ ಶುರು ಮಾಡ್ತೀನಿ.

ಬುಕ್ಕಾಂಬುಧಿ ಕೆರೆ ಏರಿ ಹತ್ತಿರ ಬೈಕ್ ನಿಲ್ಲಿಸಿದ್ದೆ. ಕೆಳಗೆ ಜಾಲಿ ಗಿಡದ ನೆರಳಲ್ಲಿ ಕಪ್ಪು-ಬಿಳಿ ಮಚ್ಚೆಯ ಎಚ್‌ಎಫ್ ಕರು ನಿಂತಿತ್ತು. ಹುಟ್ಟಿ ತಿಂಗಳು ಆಗಿತ್ತೋ ಇಲ್ಲವೋ. ಕೊರಳಲ್ಲಿ ಕಣ್ಣಿ ಇಲ್ಲ, ಸುತ್ತಮುತ್ತ ತಾಯಿ ಇಲ್ಲ. ಕುರಿ ಮೇಯಿಸ್ತಿದ್ದ ಒಬ್ಬರನ್ನ "ಯಾರದ್ದಜ್ಜಾ ಇದು?" ಅಂತ ಕೇಳಿದೆ. "ಯಾರದ್ದೂ ಅಲ್ಲ ಕಣಪ್ಪ. ಗಂಡು ಅಲ್ವಾ, ಬಿಟ್ಟು ಹೋಗಿದಾರೆ" ಅಂದರು. ಅಷ್ಟು ಹೇಳಿ ಕುರಿ ಹಿಂದೆ ಹೋದರು.

"ಗಂಡು ಅಲ್ವಾ" ಅನ್ನೋ ಮಾತು ತಲೇಲಿ ಉಳೀತು. ಯಾಕಂದ್ರೆ ನಾನು ಹೊರಟಿದ್ದು ಇಲ್ಲಿಂದ ಸ್ವಲ್ಪವೇ ದೂರ ಇರೋ ಅಜ್ಜಂಪುರಕ್ಕೆ. ಅಲ್ಲಿನ ಅಮೃತ್ ಮಹಲ್ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಗಂಡುಕರುಗಳ ಹರಾಜು ನಡೆಯುತ್ತೆ, ಜೋಡಿ ಹೋರಿಗೆ ಲಕ್ಷ ದಾಟಿ ಕೂಗೋ ಜನ ಇದ್ದಾರೆ. ಒಂದೇ ಸೀಮೆ, ಎರಡೂ ಹಸುವಿನ ಕರುಗಳೇ. ಒಂದು ಜಾಲಿ ಗಿಡದ ಕೆಳಗೆ, ಇನ್ನೊಂದು ಲಕ್ಷಕ್ಕೆ. ಬಿಕಾಂ ಓದಿದವನಿಗೆ ಇಂಥಾ ಲೆಕ್ಕ ತಾಳೆ ಆಗದೆ ಇದ್ರೆ ನಿದ್ದೆ ಬರಲ್ಲ.

ಈ ಲೆಕ್ಕದ ಮೊದಲ ಪುಟ ಶ್ರೀರಂಗಪಟ್ಟಣದಲ್ಲಿದೆ. ವಿಜಯನಗರದ ಪ್ರತಿನಿಧಿಗಳು ಅಲ್ಲಿ ಸಾಕಿದ್ದ ದನಗಳು ಆಮೇಲೆ ಒಡೆಯರ ಕೈಗೆ ಬಂದವು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನ ಒಂದು ಇಲಾಖೆ ಮಾಡಿದರು, ದನಗಳಿಗೆ ಅಂತಲೇ ಕಾವಲುಗಳನ್ನ ಮೀಸಲಿಟ್ಟರು. ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಹೆಸರೇ ಹೇಳುತ್ತೆ, ಅರಮನೆಗೆ ಹಾಲು-ಬೆಣ್ಣೆ ಒದಗಿಸೋ ಕಚೇರಿ. ಅಂದ್ರೆ ಇವತ್ತಿನ ಭಾಷೆಯಲ್ಲಿ ಡೈರಿ. ಡೈರಿ ಅಂದಮೇಲೆ ಮುಖ್ಯ ಹಸು, ಗಂಡುಕರು ಜೊತೆಗೆ ಹುಟ್ಟಿಬಂದ ಉಪ-ಉತ್ಪನ್ನ.

ಈ ಲೆಕ್ಕ ತಿರುಗಿಸಿದವನು ಹೈದರ್ ಅಲಿ. ಫಿರಂಗಿ ಎಳೆಯೋಕೆ, ಮದ್ದುಗುಂಡು ಹೊರೋಕೆ ಅವನಿಗೆ ಎತ್ತು ಬೇಕಿತ್ತು, ಅದೂ ಓಡೋ ಎತ್ತು. ಹಳ್ಳಿಕಾರ್ ರಕ್ತದ ಈ ದನಕ್ಕೆ ಉದ್ದ ಕಾಲು, ಗಟ್ಟಿ ಗೊರಸು, ಹಿಂದಕ್ಕೆ ಬಾಗಿ ಚೂಪಾದ ಕೊಂಬು. ಚಿದಂಬರಂ ರಕ್ಷಣೆಗೆ ಅವನ ಸೈನ್ಯ ಎರಡೂವರೆ ದಿನಕ್ಕೆ ನೂರು ಮೈಲಿ ನಡೆದದ್ದು ಈ ಎತ್ತುಗಳ ದೆಸೆಯಿಂದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಟಿಪ್ಪು ಬಂದಮೇಲೆ ಬೆಣ್ಣೆ ಚಾವಡಿ ಹೋಗಿ ಅಮೃತ್ ಮಹಲ್ ಆಯ್ತು, ದನ ಸಾಕೋ ರೀತಿಗೆ ಹುಕುಂನಾಮೆ ಬಂತು. ಹೆಸರಲ್ಲಿ ಹಾಲಿನ ವಾಸನೆ ಉಳೀತು, ಕೆಲಸ ಮಾತ್ರ ಯುದ್ಧದ್ದು. ಹಸುವಿನ ಹಾಲು ಕರೆಯೋದಕ್ಕಿಂತ ಕರುವಿಗೆ ಬಿಡೋದೇ ಇಲ್ಲಿ ಪದ್ಧತಿ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ: ಹಾಲನ್ನ ಮಾರದೆ, ಗಂಡುಕರುವಿನ ಮೈಗೆ ಬಂಡವಾಳ ಹಾಕಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1803ರ ಮರಾಠ ಯುದ್ಧಕ್ಕೆ ಆರ್ಥರ್ ವೆಲ್ಲೆಸ್ಲಿ ಹೊರಟಾಗ ಅವನ ಗಾಡಿಗಳಿಗೆ ಮೈಸೂರಿನ ಎತ್ತುಗಳಿದ್ದವು. ನಡುವೆ ನೋಡಿಕೊಳ್ಳೋರಿಲ್ಲದೆ ತಳಿ ಸೊರಗಿತು, 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆ ಉಸ್ತುವಾರಿ ವಹಿಸಿಕೊಂಡ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್, ಖರ್ಚು ಜಾಸ್ತಿ ಅಂತ ಇಲಾಖೇನೇ ಮುಚ್ಚಿಸಿ ದನ ಮಾರಿಸಿದ. ಪುಸ್ತಕದಲ್ಲಿ ಉಳಿತಾಯ ಕಂಡಿರಬೇಕು! ಕೆಲವೇ ವರ್ಷಕ್ಕೆ ಸೈನ್ಯಕ್ಕೆ ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಬೇಕಾಯ್ತು. ಮಾರಿದ್ದನ್ನೇ ಹುಡುಕಿ ಕೊಳ್ಳೋ ಕೆಲಸ. ಕಾಸ್ಟ್ ಕಟಿಂಗ್ ಪಾಠಕ್ಕೆ ನಮ್ಮ ಕಾಲೇಜಲ್ಲಿ ಇದನ್ನ ಹೇಳಿಕೊಡಬೇಕಿತ್ತು.

ಆ ಕಾಲದ ಸಾಕಾಣಿಕೆ ಹೇಗಿತ್ತು ಅಂತ ಸ್ವಲ್ಪ ನಿಂತು ನೋಡಬೇಕು. ಕಾವಲುಗಳಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೇದು ಅಂತ ವಿಂಗಡಣೆ. ಬೇಸಿಗೆ ಕಾವಲು ಅಂದ್ರೆ ಕೆರೆಯಂಗಳ, ಮರದ ನೆರಳು, ಬತ್ತದ ನೀರು ಇರೋ ಜಾಗ. ದನ ಋತು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೀತಿತ್ತು, ಜೊತೆಗೆ ಸೇರ್ವೆಗಾರರು, ಕಾಯೋರು. ಕೊಟ್ಟಿಗೆ ಇಲ್ಲ, ಹಿಂಡಿ ಇಲ್ಲ. ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದ ಕರು ಮನುಷ್ಯರ ಕೈಗೆ ಅರ್ಧ ಕಾಡುಪ್ರಾಣಿ. ಅದನ್ನ ಹಿಡಿದು, ಬೀಜ ಒಡೆಸಿ, ಪಳಗಿಸಿ ಐದು ವರ್ಷದ ಹೊತ್ತಿಗೆ ಸೈನ್ಯಕ್ಕೆ ಕೊಡೋರು. ಏಳಕ್ಕೆ ಪೂರ್ತಿ ಬಲ, ಹನ್ನೆರಡು ದಾಟಿದ್ರೆ ಇಳಿಮುಖ, ಹದಿನಾಲ್ಕು-ಹದಿನೈದರವರೆಗೂ ದುಡಿಮೆ ಅನ್ನೋದು ಆಗಿನ ಲೆಕ್ಕ. ಒಂದು ಗಂಡುಕರುವಿನ ಮೇಲೆ ಐದು ವರ್ಷ ಕಾಯೋ ತಾಳ್ಮೆ ಸರ್ಕಾರಕ್ಕಿತ್ತು.

ಅಜ್ಜಂಪುರದ ಕೇಂದ್ರ ಶುರುವಾದದ್ದು 1929ರಲ್ಲಿ. ಅಷ್ಟರಲ್ಲಿ ಸೈನ್ಯಕ್ಕೆ ಮೋಟಾರು ಬಂದಿತ್ತು, ಎತ್ತು ರೈತನದ್ದಾಯ್ತು. ಆಮೇಲೆ ರೈತನಿಗೂ ಟ್ರ್ಯಾಕ್ಟರ್ ಬಂತು. ಲಕ್ಷಾಂತರ ಎಕರೆ ಇದ್ದ ಕಾವಲು ಹಂಚಿಕೆಗೆ, ಒತ್ತುವರಿಗೆ, ಸರ್ಕಾರದ್ದೇ ಬೇರೆ ಬೇರೆ ಕೆಲಸಕ್ಕೆ ಹೋಗಿ ಚೂರಾಯ್ತು. ಚಳ್ಳಕೆರೆ ಕಡೆಯ ಕಾವಲಲ್ಲಿ ಈಗ ರಕ್ಷಣಾ ಸಂಶೋಧನೆ ಸಂಸ್ಥೆಗಳಿವೆ. ಆ ವಿಷಯಕ್ಕೆ ಬೇರೆ ಸಂಚಿಕೆಯೇ ಬೇಕು.

ಹಾಗಾದ್ರೆ ಇವತ್ತು ಲಕ್ಷ ಕೊಟ್ಟು ಈ ಹೋರಿ ಒಯ್ಯೋರು ಯಾರು? ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗ ಕಡೆಯ ರೈತರು. ಅವರಲ್ಲಿ ಉಳುಮೆಗೆ ಒಯ್ಯೋ ಹಿರಿಯರೂ ಇದ್ದಾರೆ, ಇಪ್ಪತ್ತು-ಇಪ್ಪತ್ತೈದರ ಹುಡುಗರೂ ಇದ್ದಾರೆ. ಹುಡುಗರಿಗೆ ಹೋರಿ ಬೇಕಿರೋದು ಹೊಲಕ್ಕಿಂತ ಹೆಚ್ಚಾಗಿ ಹೋರಿ ಹಬ್ಬಕ್ಕೆ, ಜಾತ್ರೆಗೆ. ಕರು ಮನೆಗೆ ಬಂದ ದಿನದಿಂದ ಅವನ ದಿನಚರಿ ಬದಲಾಗುತ್ತೆ. ಮೊದಲು ಹತ್ತಿರ ಹೋದ್ರೆ ಹಾಯುತ್ತೆ. ದಿನಾ ಒಬ್ಬನೇ ಹುಲ್ಲು ಹಾಕಬೇಕು, ಒಬ್ಬನೇ ಮೈ ತೊಳೀಬೇಕು, ದನಿ ಪರಿಚಯ ಆಗಬೇಕು, ಆಮೇಲೆ ಮೂಗುದಾರ. ಹುರುಳಿ ಬೇಯಿಸಿ ಹಾಕೋದು, ಕೆರೆಯಲ್ಲಿ ಈಜಿಸೋದು, ಕೊಂಬು ನುಣುಪು ಮಾಡೋದು. ಸುಳಿ ಎಲ್ಲಿದೆ, ಹಲ್ಲು ಎಷ್ಟು ಅಂತ ಊರಿನ ಹಿರಿಯರು ಬಂದು ನೋಡಿ ತೀರ್ಪು ಕೊಡ್ತಾರೆ. ಹೋರಿಗೊಂದು ಹೆಸರು, ಅದರ ಹೆಸರಲ್ಲಿ ಟೀಶರ್ಟ್, ಫ್ಲೆಕ್ಸ್. ಹಬ್ಬದ ದಿನ ಕೊರಳಲ್ಲಿ ಕೊಬ್ಬರಿ ಮಾಲೆ, ಕೊಂಬಿಗೆ ಬಲೂನು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಾದ್ರೆ ಶಾಮಿಯಾನ, ವಾದ್ಯದ ಮೆರವಣಿಗೆ, ಒಳ್ಳೆ ಜೋಡಿಗೆ ಬಹುಮಾನ. ಹೋರಿ ಹಬ್ಬದಲ್ಲಿ ಜೀವ ಹೋಗಿರೋದೂ ನಿಜ, ಅದನ್ನ ಮರೆಮಾಚಲ್ಲ. ಆದ್ರೆ ಗಂಡುಕರುವನ್ನ ಪ್ರೀತಿಯಿಂದ ವರ್ಷಗಟ್ಟಲೆ ಸಾಕೋರು ಈಗ ಹೆಚ್ಚಾಗಿ ಈ ಹುಡುಗರೇ.

ಎಚ್‌ಎಫ್ ಗಂಡುಕರುವನ್ನೇ ಹೀಗೆ ಸಾಕೋ ಮಕ್ಕಳು ಇರೋದು ಅಮೆರಿಕದಲ್ಲಿ. 1902ರಲ್ಲಿ ಒಹಾಯೊದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಅನ್ನೋ ಶಾಲಾ ಅಧಿಕಾರಿ ಹಳ್ಳಿ ಮಕ್ಕಳಿಗೆ ಅಂತ ಕಟ್ಟಿದ ಕ್ಲಬ್ಬೇ ಮುಂದೆ ಫೋರ್-ಎಚ್ ಚಳವಳಿ ಆಯ್ತು. ಅದರಲ್ಲಿ ಡೈರಿ ಸ್ಟಿಯರ್ ಅನ್ನೋದು ಒಂದು ಪ್ರಾಜೆಕ್ಟ್. ಡೈರಿಗೆ ಬೇಡವಾದ ಗಂಡುಕರುವನ್ನ ಮಗು ತರುತ್ತೆ, ಬೀಜ ಒಡೆಸಿ, ಬಾಟಲಿ ಹಾಲಿಂದ ಶುರು ಮಾಡಿ ಒಂದೂವರೆ ವರ್ಷ ಸಾಕುತ್ತೆ. ಹಗ್ಗ ಹಿಡಿದು ನಡೆಸೋದು, ತೀರ್ಪುಗಾರರ ಮುಂದೆ ಕಾಲು ಸರಿಯಾಗಿ ಇಟ್ಟು ನಿಲ್ಲಿಸೋದು ಕಲಿಸುತ್ತೆ. ಮೇವು ಎಷ್ಟು, ಔಷಧಿ ಎಷ್ಟು, ತೂಕ ಎಷ್ಟು ಏರಿತು ಅಂತ ಪುಸ್ತಕದಲ್ಲಿ ಬರೆದಿಡಬೇಕು (ಇದು ನನಗೆ ಬಹಳ ಇಷ್ಟ ಆಯ್ತು). ಆರೇಳು ನೂರು ಕೆಜಿ ತೂಗೋ ಪ್ರಾಣಿ ಜಿಲ್ಲಾ ಮೇಳದಲ್ಲಿ ಹರಾಜಾಗುತ್ತೆ, ಅಲ್ಲಿಂದ ಕಸಾಯಿಖಾನೆಗೆ. ಲಾಭದ ಚೆಕ್ ಹಿಡ್ಕೊಂಡು ಮಗು ಅಳುತ್ತೆ. ಅವರ ಲೆಕ್ಕಕ್ಕೆ ಕೊನೆ ಸಾಲು ಇದೆ, ಅದು ಮಾಂಸ.

ನಮ್ಮ ಲೆಕ್ಕಕ್ಕೆ ಆ ಸಾಲು ಇಲ್ಲ. 1970ರ ಕ್ಷೀರಕ್ರಾಂತಿ ಆದಮೇಲೆ ಕೃತಕ ಗರ್ಭಧಾರಣೆ ಹಳ್ಳಿಹಳ್ಳಿಗೆ ಬಂತು, ಹಾಲು ಹೆಚ್ಚಿತು, ಆ ಹಾಲಿನ ದುಡ್ಡಲ್ಲಿ ಎಷ್ಟೋ ಮನೆಗಳು ನಿಂತಿವೆ. ಆದ್ರೆ ಎಚ್‌ಎಫ್ ಗಂಡಿಗೆ ನೊಗ ನಿಲ್ಲೋಕೆ ಭುಜದ ಹಿಣಿಲಿಲ್ಲ, ನಮ್ಮ ಬಿಸಿಲು ತಡೆಯಲ್ಲ, ಹಬ್ಬದಲ್ಲಿ ಅದಕ್ಕೆ ಬಲೂನು ಕಟ್ಟೋರಿಲ್ಲ. 2020ರ ಕಾಯ್ದೆ ಪ್ರಕಾರ ಎತ್ತು, ಹೋರಿ, ಕರು ಯಾವ ವಯಸ್ಸಿನದ್ದಾದ್ರೂ ಕಸಾಯಿಗೆ ಕೊಡೋ ಹಾಗಿಲ್ಲ. ಕಾಯ್ದೆ ಸರಿಯೋ ತಪ್ಪೋ ಅಂತ ಜಗಳ ಮಾಡೋಕೆ ಬೇರೆಯವರಿದ್ದಾರೆ. ನಾನು ಕೇಳೋದು ಒಂದೇ: ಕಡಿಯೋ ಹಾಗಿಲ್ಲ ಅಂದಮೇಲೆ ಆ ಕರು ಕುಡಿಯೋ ಹಾಲಿನ, ತಿನ್ನೋ ಹುಲ್ಲಿನ ಖರ್ಚನ್ನ ಯಾರ ಖಾತೆಗೆ ಬರೀಬೇಕು? ಈಗ ಹೆಣ್ಣುಕರುವೇ ಹುಟ್ಟೋ ಹಾಗೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ. ಗಂಡು ಹುಟ್ಟೋದೇ ಬೇಡ ಅನ್ನೋ ಉಪಾಯ. ಆದ್ರೆ ನೂರಕ್ಕೆ ನೂರು ಅದೂ ಗ್ಯಾರಂಟಿ ಅಲ್ಲ.

ಅಜ್ಜಂಪುರದಿಂದ ಸಂಜೆ ಅದೇ ದಾರೀಲಿ ವಾಪಸ್ ಬಂದೆ. ಕರು ಜಾಲಿ ಗಿಡ ಬಿಟ್ಟು ರಸ್ತೆ ಪಕ್ಕ ಬಂದು ಮಲಗಿತ್ತು. ಬೈಕಲ್ಲಿ ಒಯ್ಯೋ ಹಾಗಿರಲಿಲ್ಲ. ನಾನೂ ಬಿಟ್ಟು ಬಂದವನೇ.

ಬುಕ್ಕಾಂಬುಧಿ, ಶಿವನಿ, ತರೀಕೆರೆ, ಕಡೂರು ಕಡೆಯ ಕೇಳುಗರೇ, ನಿಮ್ಮಲ್ಲಿ ಯಾರಾದ್ರೂ ಮಿಶ್ರತಳಿ ಗಂಡುಕರು ಸಾಕಿ ಗಾಡಿಗೋ ನೇಗಿಲಿಗೋ ಹೂಡಿದ್ರೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಎಷ್ಟು ಖರ್ಚಾಯ್ತು, ಎಷ್ಟು ವರ್ಷ ದುಡೀತು, ಬಿಸಿಲಲ್ಲಿ ಏನ್ಮಾಡ್ತು ಅನ್ನೋದೂ ಇರಲಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಓದ್ತೀನಿ.