‘ಕಲಿಯುಗವಿಪರೀತ’ ಎಂಬ ವಿಶೇಷಣ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವು ಸುಮಾರು ಕ್ರಿ.ಶ. 700ರ ಕಾಲದ್ದು, ಕನ್ನಡದ ಅತಿ ಪ್ರಾಚೀನ ತ್ರಿಪದಿಗಳನ್ನು ಒಳಗೊಂಡುದೆಂದು ಪ್ರಸಿದ್ಧವಾದುದು. 1881ರಲ್ಲಿ ಫ್ಲೀಟರು ಇದನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ವೀರನ ಉಗ್ರತೆಯನ್ನು ಶಾಸನಕವಿ ಮರೆಮಾಚಿಲ್ಲ. ಅರಭಟ್ಟನನ್ನು ಕೆಣಕಿದವರು, ಕಟ್ಟಿದ ಸಿಂಹವನ್ನು ಬಿಟ್ಟವರಂತೆ ಹಾಳಾದರೆಂದೇ ಹೇಳಿದ್ದಾನೆ. ಆ ಉಗ್ರತೆಗೆ ಸರಿದೂಗುವ ಗುಣವನ್ನು ಸೂಚಿಸುವ ವಿಶೇಷಣವೇ ‘ಕಲಿಯುಗವಿಪರೀತ’.

ಇಂದಿನ ರೂಢಿಯಲ್ಲಿ ‘ವಿಪರೀತ’ವೆಂದರೆ ಮಿತಿಮೀರಿದುದು. ಆ ಅರ್ಥವನ್ನು ಹಿಡಿದರೆ ಹೊಗಳಿಕೆಯೇ ತೆಗಳಿಕೆಯಾದೀತು. ಕೊನೆಯ ತ್ರಿಪದಿಯಲ್ಲಿ ಸಮಾಸವನ್ನು ಬಿಡಿಸಿದಂತೆ ‘ಕಲಿಗೆ ವಿಪರೀತ’ ಎಂಬ ಪ್ರಯೋಗವೇ ಇರುವುದರಿಂದ, ‘ಕಲಿಗೆ ಪ್ರತಿಕೂಲನು’ ಎಂಬುದೇ ಇಲ್ಲಿ ಸಲ್ಲತಕ್ಕ ಅರ್ಥ. ಅದರ ಪಕ್ಕದಲ್ಲಿಯೇ ಬರುವ ‘ಕಷ್ಟಜನವರ್ಜಿತ’ದಲ್ಲಿಯೂ ಇದೇ ತೊಡಕು. ‘ಕಷ್ಟಜನ’ರೆಂದರೆ ದುರ್ಜನರು, ಕಷ್ಟದಲ್ಲಿರುವವರಲ್ಲ, ತಪ್ಪಿ ಓದಿದರೆ ದೀನರನ್ನು ದೂರವಿಟ್ಟವನೆಂಬ ಅಪವಾದವು ಅವನಿಗೆ ಅಂಟುವುದು.

ಕಲಿಯುಗದಲ್ಲಿ ದುಷ್ಟರಿಗೆ ಮನ್ನಣೆ, ಸಾಧುಗಳಿಗೆ ಬಾಧೆ ಎಂಬುದು ಪುರಾಣಗಳ ಮಾತು. ಈ ಕ್ರಮವನ್ನು ತಿರುಗಿಸಿದವನೇ ಕಲಿಯುಗವಿಪರೀತ. ಸಾಧುವಿಗೆ ಸಾಧುವಾಗಿರುವುದೂ ಬಾಧಿಸುವವನಿಗೆ ಉಗ್ರನಾಗಿರುವುದೂ ಅವನಲ್ಲಿ ಒಂದೇ ಗುಣದ ಎರಡು ಮುಖಗಳು. ಆದುದರಿಂದ ಈ ವಿಶೇಷಣವು ಉಗ್ರತೆಯನ್ನು ಅಳಿಸುವುದಿಲ್ಲ, ಕ್ಷಮಿಸುವುದೂ ಇಲ್ಲ. ಅದು ಯಾರ ಮೇಲೆ, ಯಾರ ರಕ್ಷಣೆಗಾಗಿ ಎಂಬುದನ್ನು ಗೊತ್ತುಪಡಿಸಿ ಅದರ ಬೆಲೆಯನ್ನು ನಿರ್ಣಯಿಸುತ್ತದೆ.